ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ವಾಟ್ಸಾಪ್ ಬಾಧೆ: ಒಂದು ಅಧ್ಯಯನ

ಶೀರ್ಷಿಕೆಯ ಕೊನೆಗೆ ‘ಒಂದು ಅಧ್ಯಯನ’ ಎಂದು ಸೇರಿಸದಿದ್ದರೆ ಅಧ್ಯಯನ ನಡೆದದ್ದೇ ಮಾರ್ಗದರ್ಶಕರಿಗೆ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿಯೂ ಸೇರಿಸಲಾಗಿದೆ.

ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿ 1933ರಲ್ಲಿ ಪ್ರಕಟವಾಯಿತು. ಅದರ ಬೆಳೆದ ರೂಪ ಯಾವುದೇ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ ಎಂದು ಬಿಡಿಸುತ್ತದೆ. ಪ್ರಸ್ತುತ ಸಮಸ್ಯೆಯಲ್ಲಿ ವ್ಯಕ್ತಿತ್ವವೆಂದರೆ ಎಂ.ಲಿಬ್. ವಿದ್ಯಾರ್ಥಿನಿ. ದ್ರವ್ಯ, ದಿನದ ಡೇಟಾ ಪ್ಯಾಕು. ಶಕ್ತಿ, ಬಲಗೈ ಹೆಬ್ಬೆರಳು. ಸ್ಥಳ ಭಾರತವಾದ್ದರಿಂದ ಪದ್ಧತಿಯ ಸಂಖ್ಯೆ 44. ಹಾಸ್ಟೆಲಿನ ಮಂಚಕ್ಕೆ ಪ್ರತ್ಯೇಕ ಅಂಕೆ ಇಲ್ಲ. ಕಾಲ... ಸಾಕು. ಈ ಸಂಖ್ಯೆ ಕಟ್ಟಿ ಪುಸ್ತಕ ಹುಡುಕುವವರು ಪರೀಕ್ಷಾ ಕೊಠಡಿಯಾಚೆ ವಿರಳ.

ಮಾಹಿತಿ ಸಂಗ್ರಹಣೆಯ ಸಂಪ್ರದಾಯ ಹೀಗಿದೆ: ಸಾಮಾಜಿಕ ಮಾಧ್ಯಮ ಬಳಕೆಯ ಪ್ರಶ್ನಾವಳಿಯನ್ನು ಗೂಗಲ್ ಫಾರ್ಮಿಗೆ ಇಳಿಸಿ ವಾಟ್ಸಾಪ್ ಗುಂಪಿನಲ್ಲೇ ಹಂಚುವುದು. ಉತ್ತರಿಸಿದವರೆಲ್ಲರೂ ವಾಟ್ಸಾಪ್ ಬಳಸುತ್ತಾರೆಂಬ ಮಹತ್ವದ ಸಂಗತಿ ಇದರಿಂದ ಬೆಳಕಿಗೆ ಬರುತ್ತದೆ. ಅದಕ್ಕೊಂದು ಕೋಷ್ಟಕ, ಅದನ್ನೇ ಹೇಳುವ ಪೈ ಚಾರ್ಟು. ಓದಿಗೂ ಹರಟೆಗೂ ಸಮತೋಲನ ಸಾಧಿಸಿದ್ದು ಇಲ್ಲಿ ಮಾತ್ರ, ಹರಟೆಯೇ ದತ್ತಾಂಶ.

ಮುಂದಿನದು ತೀರ್ಪು. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಫೋನು ಹಿಡಿದವಳು ಈ ಸೂತ್ರವನ್ನು ಮುರಿದಳೆಂದು ಪ್ರಬಂಧಕಾರರು ಬರೆಯುತ್ತಾರೆ. ಸ್ವಾಮಿ, ಆ ಸೂತ್ರ ಹೇಳಿದ್ದು ಗ್ರಂಥಾಲಯಕ್ಕೆ, ಓದುಗರಿಗಲ್ಲ!

ಅವಳು ಆ ಗುಂಪಿನಲ್ಲಿ ಇರುವುದಾದರೂ ಏಕೆ? ಶುಭೋದಯದ ಗುಲಾಬಿಗಳ ನಡುವೆ ನೆಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳಿರುತ್ತವೆ. ಗ್ರಂಥಾಲಯದ ಕೋಹಾ ತಂತ್ರಾಂಶ ಕೈಕೊಟ್ಟರೆ, ಪುಸ್ತಕಸೂಚಿಯ ಮಾರ್ಕ್ ದಾಖಲೆಯ 245ನೇ ಫೀಲ್ಡಿಗೆ ಕನ್ನಡ ಪುಸ್ತಕದ ಹೆಸರು ಸರಿಯಾಗಿ ಕೂರದಿದ್ದರೆ, ರಾತ್ರಿ ಹನ್ನೊಂದಕ್ಕೂ ಯಾರೋ ಸೀನಿಯರ್ ಅಕ್ಕ ಹೇಳಿಕೊಡುತ್ತಾಳೆ. ನೇಮಕಾತಿ ಅಧಿಸೂಚನೆ ಮೊದಲು ಬರುವುದೂ ಅಲ್ಲಿಗೇ. ಬಂದರೆ.

ಗ್ರಂಥಾಲಯಗಳಿಗೆ ದುಡ್ಡಿಲ್ಲವೇ? ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಸೆಸ್ ವಸೂಲಾಗುತ್ತದೆ. ಮನೆ ಇದ್ದವರು ಕಟ್ಟುತ್ತಲೇ ಇದ್ದಾರೆ. ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯ ಇಲಾಖೆಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಳ್ಳುವ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದು ಹಳಸಿದೆ. ಅದು ಜನರ ದುಡ್ಡು, ಪುಸ್ತಕಕ್ಕೆಂದು ಕೊಟ್ಟದ್ದು. ಇದರ ಬಗ್ಗೆ ಯಾರೂ ಪ್ರಶ್ನಾವಳಿ ಹಂಚುವುದಿಲ್ಲ, ಪೈ ಚಾರ್ಟು ಬರೆಯುವುದಿಲ್ಲ.

ಕೇಳುವುದು ಒಂದೇ: ದಿನಕ್ಕೆ ಎಷ್ಟು ಗಂಟೆ ಫೋನು ನೋಡುತ್ತೀರಿ? ಎರಡರೊಳಗೆ, ಎರಡರಿಂದ ನಾಲ್ಕು, ನಾಲ್ಕಕ್ಕಿಂತ ಹೆಚ್ಚು. ‘ಅಧಿಸೂಚನೆ ಬರುವವರೆಗೆ’ ಎಂಬ ಆಯ್ಕೆಯನ್ನು ನಮೂನೆಯಲ್ಲಿ ಕೊಟ್ಟಿಲ್ಲ.