ಭರ್ತಿಮೀಮಾಂಸೆ: ಹುನಗುಂದ ಸೀಮೆಯ ಮಿಲಿಟರಿ ನರ್ಸ್ ಭರ್ತಿಗಾರರ ಲಕ್ಷಣಗ್ರಂಥ

ಪೀಠಿಕಾ ಕಾಂಡ

ಪ್ರಾಚೀನರು ಅರವತ್ತನಾಲ್ಕು ವಿದ್ಯೆಗಳನ್ನು ಎಣಿಸಿದರು. ಆ ಪಟ್ಟಿಯಲ್ಲಿ ಜೂಜಿಗೂ ಕೋಳಿ ಕಾಳಗಕ್ಕೂ ಜಾಗವಿದೆ, ಭರ್ತಿ ಮಾಡಿಸುವ ವಿದ್ಯೆಗೆ ಮಾತ್ರ ಇಲ್ಲ. ಕಾರಣ ಸ್ಪಷ್ಟ: ಪಿಯುಸಿ ಫಲಿತಾಂಶದ ಮರುದಿನ ಅವರಾರೂ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಿಂತವರಲ್ಲ. ಸೈನ್ಸ್ ಪಾಸಾದ ಹುಡುಗಿಯೊಬ್ಬಳು "ನಾ ಮಿಲಿಟ್ರಿ ನರ್ಸ್ ಆಗ್ತೀನಿ" ಎಂದು ಅಡುಗೆಮನೆಯಲ್ಲಿ ಅವ್ವನ ಮುಂದೆ ಒಮ್ಮೆ ಅಂದರೆ ಸಾಕು, ಸಂಜೆಯೊಳಗೆ ಅಮೀನಗಡದಿಂದ ಇಳಕಲ್ಲಿನ ತನಕ ಇರುವ ಸಕಲ ಭರ್ತಿಗಾರರಿಗೂ ಸುದ್ದಿ ಮುಟ್ಟಿರುತ್ತದೆ. ಈ ಅದ್ಭುತ ಸಂಪರ್ಕ ವ್ಯವಸ್ಥೆಯ ಬಗ್ಗೆ ವಿದ್ವಾಂಸರು ಈವರೆಗೆ ಮೌನ ತಾಳಿರುವುದು ಖೇದಕರ. ಆ ಕೊರತೆಯನ್ನು ತುಂಬಲೆಂದೇ ಪ್ರಸ್ತುತ ಮೀಮಾಂಸಕನು ಲೇಖನಿ ಹಿಡಿದಿದ್ದಾನೆ.

ಅಧ್ಯಯನದ ಎಲ್ಲೆಗಳು ಇಂತಿವೆ: ಉತ್ತರಕ್ಕೆ ಕೂಡಲಸಂಗಮ, ಪಶ್ಚಿಮಕ್ಕೆ ಐಹೊಳೆ, ಆಗ್ನೇಯಕ್ಕೆ ಇಳಕಲ್. ನಡುವೆ ಎಲ್ಲೆಲ್ಲಿ ಚಹಾದಂಗಡಿ ಇದೆಯೋ ಅಲ್ಲೆಲ್ಲ ಆಕರ ಸಾಮಗ್ರಿ ಹೇರಳ.

ಪುರಾತತ್ವ ಕಾಂಡ

ನಮ್ಮ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ರವಿಕೀರ್ತಿಯು 634ರಲ್ಲಿ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಹಾಡಿ ಹೊಗಳಿದ್ದಾನೆ. ಹರ್ಷನ ಆನೆಗಳು ಬಿದ್ದದ್ದು ಅಲ್ಲಿ ದಾಖಲಾಗಿದೆ. ಬಿದ್ದವರ ಗಾಯ ತೊಳೆದವರು ಯಾರೆಂಬುದಕ್ಕೆ ಕವಿಯು ಅಕ್ಷರ ಖರ್ಚು ಮಾಡಿಲ್ಲ.

ಈ ಕೊರತೆಯನ್ನು ವೀರಗಲ್ಲುಗಳು ತುಂಬುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕಾದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕೂತಿರುತ್ತಾನೆ. ಇದರಿಂದ ಸಿದ್ಧವಾಗುವುದೇನೆಂದರೆ, ನಮ್ಮ ಸೀಮೆಯ ಮೊದಲ ಮಿಲಿಟರಿ ನರ್ಸಿಂಗ್ ಸೇವೆ ಅಪ್ಸರೆಯರದೇ. ಆದರೆ ಒಯ್ದ ಗಾಯಾಳುವನ್ನು ಗುಣಪಡಿಸಿ ಮರಳಿ ಕಳಿಸಿದ ಉದಾಹರಣೆ ಒಂದೂ ಇಲ್ಲ.

ಬದುಕಿಸುವ ನರ್ಸುಗಳಿಗಾಗಿ 1888ರ ತನಕ ಕಾಯಬೇಕಾಯಿತು. ಆ ವರ್ಷ ತರಬೇತಾದ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಇಲ್ಲಿಯ ಸೈನಿಕ ಆಸ್ಪತ್ರೆಗಳ ಶುಶ್ರೂಷೆಯನ್ನು ಹದಕ್ಕೆ ತರಲು ಮುಂಬೈಯಲ್ಲಿ ಹಡಗಿನಿಂದಿಳಿದರು. 1926ರ ಅಕ್ಟೋಬರ್ 1ರಂದು ಭಾರತೀಯ ಮಿಲಿಟರಿ ನರ್ಸಿಂಗ್ ಸೇವೆ ಕಾಯಂ ಆಗಿ ನೆಲೆಗೊಂಡಿತು, 1943ರ ಸುಗ್ರೀವಾಜ್ಞೆ ಅದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಇವತ್ತು ಅದರ ಅಧಿಕಾರಿ ಲೆಫ್ಟಿನೆಂಟ್ ಆಗಿ ಒಳಬಂದು, ಹಣೆಯಲ್ಲಿ ಬರೆದಿದ್ದರೆ ಮೇಜರ್ ಜನರಲ್ ಆಗಿ ಹೊರಬರಬಹುದು. ಈ ಇಡೀ ಇತಿಹಾಸದಲ್ಲಿ ಹುನಗುಂದದ ಏಜೆಂಟನ ಪ್ರಸ್ತಾಪ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಸೂಕ್ಷ್ಮಮತಿಗಳು ಗಮನಿಸಬೇಕು.

ಲಕ್ಷಣ ಕಾಂಡ

ಭರ್ತಿಗಾರರು ಐದು ಬಗೆ. ಐವರೂ ಗಂಡಸರು. ಈ ಸೇವೆಯೋ ಹೆಂಗಸರಿಗಷ್ಟೇ ಮೀಸಲಾದ ದಳ. ತಮಗೆ ಪ್ರವೇಶವೇ ಇಲ್ಲದ ಲೋಕದ ದಾರಿಯನ್ನು ಇಷ್ಟು ಖಚಿತವಾಗಿ ತೋರಿಸುವ ಧೈರ್ಯ ಹಿಂದೆ ಸ್ವರ್ಗದ ವಿಷಯದಲ್ಲಿ ಮಾತ್ರ ಕಂಡುಬರುತ್ತಿತ್ತು.

ಒಂದನೆಯವನು ಧಾವನ ಭರ್ತಿಗಾರ. ಈತ ನಿವೃತ್ತ ಫೌಜಿ ಕಾಕಾ. ಮನಸ್ಸು ಶುದ್ಧ, ಮೀಸೆ ಗಿರಿಜಾ. "ನಾಳಿಂದ ನಸುಕಿನ್ಯಾಗ ಎಬ್ಬಿಸ್ರಿ, 1600 ಮೀಟರ್ ಓಡ್ಲಿ" ಎನ್ನುತ್ತಾನೆ. ಆ ಓಟ ಸಿಪಾಯಿಗಳ ಭರ್ತಿ ರ್‍ಯಾಲಿಯದು. ನರ್ಸಿಂಗ್ ಸೀಟಿಗೆ ಓಡಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಹಿಂದೆ. ಆದರೂ ಈತನಿಂದ ಹಾನಿಯಿಲ್ಲ. ಹುಡುಗಿಯ ಆರೋಗ್ಯ ಸುಧಾರಿಸುತ್ತದೆ.

ಎರಡನೆಯವನು ಫ್ಲೆಕ್ಸ್ ಭರ್ತಿಗಾರ, ಅಂದರೆ ಅಕಾಡೆಮಿಯ ಮಾಲಕ. ಈತನ ಫ್ಲೆಕ್ಸಿನಲ್ಲಿ ಸಂಗೊಳ್ಳಿ ರಾಯಣ್ಣ, ಒಂದು ಟ್ಯಾಂಕು, ಒಂದು ಯುದ್ಧವಿಮಾನ ಮತ್ತು ಸ್ಟೆತಾಸ್ಕೋಪ್ ಹಾಕಿಕೊಂಡ ಯಾವುದೋ ದೇಶದ ಹುಡುಗಿ ಇರುತ್ತಾರೆ. ಕೆಳಗೆ 'ಸೆಲೆಕ್ಷನ್ ಗ್ಯಾರಂಟಿ' ಎಂದಿರುತ್ತದೆ. ಯಾರ ಸೆಲೆಕ್ಷನ್ ಎಂಬುದು ಅಧ್ಯಾಹಾರ.

ಮೂರನೆಯವನು ಕೋಟಾ ಭರ್ತಿಗಾರ. ಯಾವುದೋ ಊರಿನ ಯಾವುದೋ ನರ್ಸಿಂಗ್ ಕಾಲೇಜಿನ ಏಜೆಂಟನಾದ ಈತ, "ನಮ್ಮಲ್ಲಿ ಕಲಿತ್ರ ಸೀದಾ ಮಿಲಿಟ್ರಿ" ಎನ್ನುತ್ತಾನೆ. ಇದರಲ್ಲಿ ಅರ್ಧ ನಿಜವಿದೆ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವಳು ಮುಂದೆ ಶಾರ್ಟ್ ಸರ್ವಿಸ್ ಕಮಿಷನ್ನಿಗೆ ಅರ್ಜಿ ಹಾಕಬಹುದು. ಆ ಬಾಗಿಲು ತೆರೆದಾಗ ದೇಶದ ಉಳಿದೆಲ್ಲ ನರ್ಸುಗಳ ಜತೆ ಪರೀಕ್ಷೆ ಬರೆಯಬೇಕು ಎಂಬ ಇನ್ನರ್ಧವನ್ನು ಈತ ಹೇಳುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಟೋಪು ತೆನೆ ಹಾಕುವಂತೆ, ನಿಜಕ್ಕೆ ಸುಳ್ಳನ್ನು ಎಳೆಗೆ ಎಳೆ ಸಿಕ್ಕಿಸಿ ಹೆಣೆಯುತ್ತಾನೆ. ಕೂಡಿಸಿದ ಜಾಗ ಕಾಣಬೇಕಾದರೆ ನೇಕಾರನ ಕಣ್ಣೇ ಬೇಕು. ಹೋಗುವಾಗ ಈತ ತಪ್ಪದೆ ಕೇಳುವ ವಸ್ತು ಒರಿಜಿನಲ್ ಮಾರ್ಕ್ಸ್ ಕಾರ್ಡು.

ನಾಲ್ಕನೆಯವನು ಲೈನ್ ಭರ್ತಿಗಾರ. "ದಿಲ್ಲಿಯೊಳಗ ನಮ್ಮವ್ರು ಅದಾರ" ಎಂಬುದು ಈತನ ಬೀಜಮಂತ್ರ. ಈತನ ಗಣಿತವನ್ನು ಮೀಮಾಂಸಕರು ತಲೆಬಾಗಿ ಅಧ್ಯಯನ ಮಾಡಬೇಕು. ಹತ್ತು ಮನೆಗಳಿಂದ ಹಣ ಪಡೆಯುತ್ತಾನೆ. ದಿಲ್ಲಿಗೆ ಫೋನು ಹಚ್ಚುವುದಿಲ್ಲ. ಯಾವಳಾದರೂ ತನ್ನ ಓದಿನಿಂದಲೇ ಪಾಸಾದರೆ ಅದು ಈತನ ಲೈನು. ನಪಾಸಾದವರಿಗೆ, "ಈ ಸಲ ಸಾಹೇಬ್ರು ಬದ್ಲಿ ಆದ್ರು" ಎಂದು ನಿಟ್ಟುಸಿರು ಬಿಟ್ಟು ಅರ್ಧ ಹಣ ಮರಳಿಸುತ್ತಾನೆ. ಅರ್ಧ ಬಂತಲ್ಲ ಎಂದು ಅವರು ಈತನನ್ನು ಪ್ರಾಮಾಣಿಕನೆಂದು ಊರೆಲ್ಲ ಹೊಗಳುತ್ತಾರೆ. ಬಂಡವಾಳವಿಲ್ಲದ, ನಷ್ಟವಿಲ್ಲದ, ಕೀರ್ತಿಯೂ ಬರುವ ಇನ್ನೊಂದು ಉದ್ಯೋಗವನ್ನು ಅರ್ಥಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ.

ಐದನೆಯವನು ಪ್ರತಿಭರ್ತಿಗಾರ, ಅಂದರೆ ಸೋದರಮಾವ. "ಮಿಲಿಟ್ರಿ ಸೇರಿದ್ರ ಮದುವಿ ಮಾಡ್ಕೊಳ್ಳಾಕ ಬಿಡಂಗಿಲ್ಲ" ಎಂದು ಹೆದರಿಸಿ ತನ್ನ ಮಗನಿಗೇ ಭರ್ತಿ ಮಾಡಿಕೊಳ್ಳುವುದು ಈತನ ಗುರಿ. ಈತನ ಜ್ಞಾನ ಸುಳ್ಳಲ್ಲ, ಹಳಸಿದ್ದು. ಮದುವೆಯಾದವರನ್ನು ಕೆಲಸದಿಂದ ಬಿಡಿಸಲು ಅವಕಾಶ ಕೊಟ್ಟಿದ್ದ 1977ರ ಸೇನಾ ಆದೇಶವೊಂದು ಇದ್ದದ್ದು ಹೌದು. 1988ರಲ್ಲಿ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು ಅದರಡಿಯಲ್ಲೇ ಮನೆಗೆ ಕಳಿಸಿದರು. ಆದೇಶ 1995ರಲ್ಲಿ ರದ್ದಾಯಿತು. ಸೆಲಿನಾ ಮಾತ್ರ ಬಿಡದೆ ಕಾದಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಲಿಂಗತಾರತಮ್ಯವೆಂದು ಕರೆದು, ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಮಾವನ ಮುಂದೆ ಈ ಮೊತ್ತವನ್ನು ಗಟ್ಟಿಯಾಗಿ ಹೇಳಿದಲ್ಲಿ ಆತನ ದನಿ ತಗ್ಗುತ್ತದೆ ಎಂಬುದು ಕ್ಷೇತ್ರಕಾರ್ಯದಿಂದ ದೃಢಪಟ್ಟಿದೆ.

ಬ್ರಹ್ಮ ಕಾಂಡ

ಹಾಗಾದರೆ ನಿಜವಾದ ಭರ್ತಿಗಾರ ಯಾರು? ಅದು ಅಧಿಸೂಚನೆ. ಅದು ನಿರ್ಗುಣ, ನಿರಾಕಾರ. ಚಹಾ ಕುಡಿಯುವುದಿಲ್ಲ, ಫ್ಲೆಕ್ಸ್ ಹಾಕಿಸುವುದಿಲ್ಲ, 'ತಂಗಿ' ಎನ್ನುವುದಿಲ್ಲ. ಸರ್ಕಾರಿ ಜಾಲತಾಣದಲ್ಲಿ ಸದ್ದಿಲ್ಲದೆ ಪ್ರಕಟವಾಗಿ, ಕೊನೆಯ ದಿನಾಂಕದಂದು ಸದ್ದಿಲ್ಲದೆ ಅಂತರ್ಧಾನವಾಗುತ್ತದೆ.

ಅದರ ಉಪದೇಶದ ಸಾರ ಇಷ್ಟು. ಸಶಸ್ತ್ರ ಪಡೆಗಳ ಆರು ನರ್ಸಿಂಗ್ ಕಾಲೇಜುಗಳಿವೆ: ಪುಣೆ, ಮುಂಬೈ, ದೆಹಲಿ, ಕೋಲ್ಕತ್ತ, ಲಖನೌ ಮತ್ತು ನಮ್ಮ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆ. ಇತ್ತೀಚಿನ ವರ್ಷಗಳಲ್ಲಿ ಎಲ್ಲ ಸೇರಿ 220 ಸೀಟು, ಬೆಂಗಳೂರಿನ ಪಾಲು 40. ಪಿಯುಸಿಯನ್ನು ಮೊದಲ ಯತ್ನದಲ್ಲೇ, ಶೇ. 50ಕ್ಕೆ ಕಡಿಮೆಯಿಲ್ಲದೆ ಪಾಸಾಗಿರಬೇಕು. 2022ರಿಂದ ನೀಟ್ ಅಂಕಗಳೇ ಮೊದಲ ಜರಡಿ. ಆಮೇಲೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷಿನ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ನೀಟ್ ಅನ್ನು ಕನ್ನಡದಲ್ಲಿ ಬರೆಯಲು ಬರುತ್ತದೆ. ಇಂಗ್ಲಿಷ್ ಪರೀಕ್ಷೆಗೆ ಆ ಸೌಕರ್ಯವಿಲ್ಲ. ಕನ್ನಡ ಶಾಲೆಯ ಹುಡುಗಿ ಎಡವುವುದು ಇಲ್ಲೇ. ಐವರು ಭರ್ತಿಗಾರರಲ್ಲಿ ಒಬ್ಬನೂ ಈ ಮಾತನ್ನು ಎತ್ತುವುದಿಲ್ಲ.

ಇನ್ನೊಂದು ರಹಸ್ಯವಿದೆ. ಈ ಕಾಲೇಜುಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುವ ನಾಲ್ಕು ವರ್ಷ ಊಟ, ವಸತಿ ಸರ್ಕಾರದ್ದು. ಮೇಲೆ ತಿಂಗಳಿಗಿಷ್ಟು ಸ್ಟೈಪೆಂಡು. ಬದಲಿಗೆ ಸೇವೆ ಮಾಡುತ್ತೇನೆಂದು ಬಾಂಡ್ ಬರೆದುಕೊಡಬೇಕು. ಅಂದರೆ ಅಲ್ಲಿ ಹಣ ಹರಿಯುವುದು ಕಾಲೇಜಿನಿಂದ ಹುಡುಗಿಯ ಕಡೆಗೆ. ಹುಡುಗಿಯ ಅಪ್ಪನಿಂದ ಏಜೆಂಟನ ಕಡೆಗೆ ಹರಿಯುವ ಹಣ ಯಾವ ಹೊಳೆ ಸೇರುತ್ತದೆಂದು ನಮ್ಮ ಸಂಗಮದ ಭೂಗೋಳಜ್ಞರೂ ಹೇಳಲಾರರು.

ಪ್ರಶ್ನ ಕಾಂಡ

ಭರ್ತಿಗಾರನನ್ನು ಸೋಲಿಸಲು ವಾದ ಬೇಡ, ಕಾಗದ ಕೇಳಿದರೆ ಸಾಕು. ಮಾದರಿ ಸಂವಾದ ಹೀಗಿದೆ:

"ಅಣ್ಣಾರ, ಮಿಲಿಟ್ರಿ ಕೋಟಾ ಐತಿ ಅಂದ್ರಲ್ಲ, ಅದು ಯಾವ ಕಾಗದದಾಗ ಐತ್ರಿ?"

"ಕಾಗದ ಯಾಕ ತಂಗಿ? ನನ್ನ ಮಾತಿಗೆ ಬೆಲಿ ಇಲ್ಲೇನು?"

"ಬೆಲಿ ಐತ್ರಿ. ಅದಕ್ಕ ಬರದು ಸಹಿ ಮಾಡಿ ಕೊಡ್ರಿ. ರೊಕ್ಕ ತಗೊಂಡಿದ್ದಕ್ಕ ಪಾವತಿನೂ ಕೊಡ್ರಿ."

"ಅಯ್ಯ, ಇಳಕಲ್ ಬಸ್ ಬಂತು ನೋಡು. ಮತ್ತ ಬರ್ತೀನಿ."

ಇಳಕಲ್ಲಿನ ಬಸ್ಸು ಹೀಗೆ ಕೇಳಿದಾಗೆಲ್ಲ ಬರುತ್ತದೆ.

ಅಧಿಸೂಚನೆಯನ್ನೂ ಪ್ರಶ್ನಿಸದೆ ಬಿಡಬಾರದು. ಕೊನೆಯಲ್ಲಿ ಸಿಗುವುದು ಕಾಯಂ ಕಮಿಷನ್ನೋ, ಶಾರ್ಟ್ ಸರ್ವಿಸ್ಸೋ? ನಡುವೆ ಬಿಟ್ಟರೆ ಬಾಂಡ್ ಮೊತ್ತ ಎಷ್ಟು? ಇದನ್ನು ಓದಬೇಕಾದವಳು ಹುಡುಗಿಯೇ, ಅಪ್ಪನಲ್ಲ, ಕಾಕಾನಲ್ಲ. ಸಹಿ ಅವಳದು, ದುಡಿತವೂ ಅವಳದು.

ಸಿದ್ಧಾಂತ

ಪೂರ್ವಪಕ್ಷ: "ಯಾರ ನೆರವೂ ಇಲ್ಲದೆ ಹಳ್ಳಿ ಹುಡುಗಿಗೆ ದಾರಿ ಹೇಗೆ ಸಿಕ್ಕೀತು?" ಉತ್ತರ: ನೆರವು ಬೇಕು, ಮಧ್ಯಸ್ಥಿಕೆ ಬೇಡ. ಇಂಗ್ಲಿಷ್ ಕಲಿಸುವ ಮಾಸ್ತರು ನೆರವು. ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯ ಹುಡುಗ ನೆರವು. ಈಗಾಗಲೇ ಆ ಸೇವೆಯಲ್ಲಿರುವ ಯಾವುದೇ ಊರಿನ ಅಕ್ಕ ಎಲ್ಲರಿಗಿಂತ ದೊಡ್ಡ ನೆರವು. ಇವರಾರೂ ಗ್ಯಾರಂಟಿ ಕೊಡುವುದಿಲ್ಲ.

ಆದ್ದರಿಂದ ನಿರ್ಣಯ: ಮನೆಬಾಗಿಲಿಗೆ ಬಂದವನು ಭರ್ತಿ ಮಾಡುವವನಲ್ಲ, ಭರ್ತಿ ಮಾಡುವವರು ಮನೆಬಾಗಿಲಿಗೆ ಬರುವುದಿಲ್ಲ. ತಾಯಿ ತಂದೆಗಳಲ್ಲಿ ವಿನಂತಿ: ಬಂದವನಿಗೆ ಚಹಾ ಕೊಡಿ, ಬೇಕಾದರೆ ಅಮೀನಗಡದ ಕರದಂಟನ್ನೂ ಕೊಡಿ. ಮಾರ್ಕ್ಸ್ ಕಾರ್ಡು ಮಾತ್ರ ಟ್ರಂಕಿನಲ್ಲೇ ಇರಲಿ, ಕೀಲಿ ಮಗಳ ಕೈಯಲ್ಲಿರಲಿ.