64 ಜಿಬಿಯ ಬಡವರಾದ ಕರ್ನಲ್ ಸಾಹೇಬರಿಗೆ

ಮಾನ್ಯ 32-ಬಿಟ್ ಲಿನಕ್ಸ್ ಕರ್ನಲ್ ಅವರ ಸನ್ನಿಧಾನಕ್ಕೆ,

ತಮ್ಮ ಆಡಳಿತದಲ್ಲಿ ಪ್ರೋಗ್ರಾಂಗಳೆಲ್ಲ ಕ್ಷೇಮ ಎಂದು ಬರೆಯುವ ಆಸೆಯಿತ್ತು. ಆದರೆ 64 ಜಿಬಿ ರ್‍ಯಾಮ್‌ನಲ್ಲಿ ಬಹುಪಾಲು ಖಾಲಿ ಬಿದ್ದಿರುವಾಗಲೇ 'ಮೆಮೊರಿ ಇಲ್ಲ' ಎಂದು ತಮ್ಮ ಒಒಎಂ ಕಿಲ್ಲರ್ ಡೇಟಾಬೇಸನ್ನು ಮುಗಿಸಿದ ಮೇಲೆ ಆ ಆಸೆ ಉಳಿದಿಲ್ಲ. ಉಗ್ರಾಣದ ತುಂಬ ಅಕ್ಕಿ ಇಟ್ಟುಕೊಂಡು ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸಿ ಕಳಿಸುವ ಯಜಮಾನಿಕೆ ತಮ್ಮದು!

ತಮ್ಮ ಸಂಸಾರದ ಲೆಕ್ಕ ನಮಗೂ ಗೊತ್ತು. 32 ಬಿಟ್ ವಿಳಾಸಕ್ಕೆ ಎಟುಕುವುದು 4 ಜಿಬಿ. 3 ಜಿಬಿ ಪ್ರೋಗ್ರಾಂಗಳಿಗೆ, 1 ಜಿಬಿ ತಮಗೆ. ಆ ಒಂದರಲ್ಲೂ ನೇರವಾಗಿ ಕೈಗೆ ಸಿಗುವ ರ್‍ಯಾಮ್ 896 ಎಂಬಿ, ಆಚೆಯದೆಲ್ಲ 'ಹೈಮೆಮ್'. 1995ರಲ್ಲಿ ಇಂಟೆಲ್ ಪೆಂಟಿಯಂ ಪ್ರೊದಲ್ಲಿ ಪಿಎಇ ತಂದು ಭೌತಿಕ ವಿಳಾಸವನ್ನು 36 ಬಿಟ್‌ಗೆ ಏರಿಸಿತು, 64 ಜಿಬಿಗೆ ದಾರಿಯಾಯಿತು. ತಾವೂ ಮುಂದೆ ಕಾನ್ಫಿಗ್ ಪಟ್ಟಿಯಲ್ಲಿ 'ಹೈಮೆಮ್64ಜಿ' ಎಂಬ ಆಯ್ಕೆ ಇಟ್ಟಿರಿ. ನಾವು ಭಕ್ತಿಯಿಂದ ಅದನ್ನೇ ಆರಿಸಿ, ಕಂಪೈಲ್ ಮಾಡಿ, ರೀಬೂಟ್ ಒತ್ತಿದೆವು.

ಅಲ್ಲಿಂದ ತಮ್ಮ ಗುಮಾಸ್ತಗಿರಿ ಶುರು. 4 ಕೆಬಿಯ ಪ್ರತಿ ಪೇಜಿಗೂ ಸುಮಾರು 32 ಬೈಟ್‌ನ ಒಂದು ದಾಖಲೆ. 64 ಜಿಬಿಗೆ ಪೇಜುಗಳು 1.67 ಕೋಟಿಗೂ ಹೆಚ್ಚು; ದಾಖಲೆಗೇ 512 ಎಂಬಿ ಬೇಕು. ಇಡುವುದೆಲ್ಲಿ? ಅದೇ 896ರಲ್ಲಿ! ಮಿಕ್ಕ ಮುನ್ನೂರು ಚಿಲ್ಲರೆ ಎಂಬಿಯಲ್ಲಿ ಐನೋಡು, ನೆಟ್‌ವರ್ಕ್ ಬಫರು, ಜೊತೆಗೆ ತಾವೂ ಮೈ ಮುದುಡಿ ಕೂರಬೇಕು. ರ್‍ಯಾಮ್ ಹಾಕಿದಷ್ಟೂ ಇಕ್ಕಟ್ಟಾಗುವ ಯಂತ್ರ ಕಟ್ಟಿದ್ದಕ್ಕೆ ಹಾರ ಹಾಕೋಣವೆಂದರೆ, ಹಾರ ಇಡಲೂ ಜಾಗವಿಲ್ಲ.

2003ರಲ್ಲಿ ಇಂಗೊ ಮೋಲ್ನಾರ್ ತಮಗೂ ಪ್ರೋಗ್ರಾಂಗೂ ತಲಾ 4 ಜಿಬಿ ವಿಳಾಸ ಕೊಡುವ ಪ್ಯಾಚ್ ಬರೆದರು. ರೆಡ್ ಹ್ಯಾಟ್ ಅದನ್ನು 'ಹ್ಯೂಜ್‌ಮೆಮ್' ಕರ್ನಲ್ ಎಂದು ಹಂಚಿತು. ಆದರೆ ಪ್ರತಿ ಸಿಸ್ಟಂ ಕಾಲ್‌ಗೂ ಪೇಜ್ ಟೇಬಲ್ ಬದಲಿಸುವ ಸುಂಕ ಕಟ್ಟಬೇಕಿತ್ತು. (ಅದೇ ವರ್ಷ ಎಎಂಡಿಯ 64-ಬಿಟ್ ಆಪ್ಟೆರಾನ್ ಬಂತು. ತಮ್ಮ ಕಚೇರಿಗೆ ಸುದ್ದಿ ಇನ್ನೂ ಮುಟ್ಟಿಲ್ಲವೇನೋ.)

'ಹಳೇ ಸಾಫ್ಟ್‌ವೇರ್ ಇದೆ ಕಣ್ರೀ' ಎನ್ನುವ ಮ್ಯಾನೇಜರುಗಳೇ ತಮ್ಮ ಕುರ್ಚಿಗೆ ಆಧಾರ. ಅವರಿಗೂ ಇಲ್ಲೇ ಒಂದು ಮಾತು: 64-ಬಿಟ್ ಕರ್ನಲ್‌ನಲ್ಲಿ 'ಐಎ32 ಎಮ್ಯುಲೇಷನ್'ಗೆ ವೈ ಒತ್ತಿದರೆ ಹಳೆಯ 32-ಬಿಟ್ ಪ್ರೋಗ್ರಾಂಗಳೂ ಓಡುತ್ತವೆ, ಅವಕ್ಕೆ 3ರ ಬದಲು ಹೆಚ್ಚುಕಡಿಮೆ ಪೂರ್ತಿ 4 ಜಿಬಿ ಸಿಗುತ್ತದೆ. ಆದ್ದರಿಂದ ಮುಂದಿನ ರೀಬೂಟ್‌ಗೆ ಮೊದಲು ತಾವು ಗ್ರಬ್ ಮೆನುವಿನಿಂದ ಸ್ವಇಚ್ಛೆಯಿಂದ ನಿವೃತ್ತರಾಗಬೇಕೆಂದು ಪ್ರಾರ್ಥನೆ.

ಇತಿ,
ರಾತ್ರಿ ಪಾಳಿಯ ಸಿಸ್ಟಂ ಅಡ್ಮಿನ್