ನಮ್ಮ ಭಾವ ಇಳಿಯುತ್ತಾರೆ

ಪ್ಯಾರಾಗ್ಲೈಡಿಂಗ್ ಮಾಡುವವರಲ್ಲಿ ಎರಡು ಜಾತಿ. ಮೇಲೆ ಹೋದದ್ದನ್ನು ಹೇಳುವವರು ಒಂದು, ಕೆಳಗೆ ಬಂದದ್ದನ್ನು ಹೇಳುವವರು ಇನ್ನೊಂದು. ಮೊದಲನೆಯವರನ್ನು ಹೇಗೋ ಸಹಿಸಬಹುದು. ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ, ಮೋಡ ಕಾಣುತ್ತದೆ, ಗದ್ದೆ ಕಾಣುತ್ತದೆ, ಅವರ ಶೂ ಕಾಣುತ್ತದೆ, ನಾವು ‘ಅಬ್ಬಾ!’ ಅನ್ನುತ್ತೇವೆ, ಮುಗಿಯಿತು. ಎರಡನೆಯ ಜಾತಿಯವರು ಅಷ್ಟಕ್ಕೆ ಬಿಡುವವರಲ್ಲ. ಸಾಮಾನ್ಯವಾಗಿ ಐವತ್ತು ದಾಟಿರುತ್ತಾರೆ, ಬ್ಯಾಂಕಿನಿಂದಲೋ ಎಲ್ಐಸಿಯಿಂದಲೋ ಸ್ವಯಂನಿವೃತ್ತಿ ತೆಗೆದುಕೊಂಡಿರುತ್ತಾರೆ, ಒಂದು ಮಂಡಿಗೆ ಪಟ್ಟಿ ಹಾಕಿರುತ್ತಾರೆ, ಮತ್ತು ಹಾರುವುದು ಒಂದು ವಿಷಯವೇ ಅಲ್ಲ ಎಂದು ನಂಬಿರುತ್ತಾರೆ. ಇದು ಯಾರನ್ನೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ ಎಂದು ಹೇಳೋಣವೆಂದರೆ ಅಕ್ಕ ಪತ್ರಿಕೆ ಓದುತ್ತಾಳೆ. ಹೌದು, ನಮ್ಮ ಭಾವನೇ.

ಭಾವ ಎಲ್ಲಿಗೆ ಹೋದರೂ ಮೊದಲು ಗಾಳಿ ನೋಡುತ್ತಾರೆ. ಮಹಡಿಯ ಮೇಲೆ ಒಣಗಿ ಹಾಕಿದ ಸೀರೆ, ಇಟ್ಟಿಗೆ ಗೂಡಿನ ಹೊಗೆ, ಪಕ್ಷದ ಬಾವುಟ, ಯಾವುದೂ ಅವರಿಗೆ ವರ್ಜ್ಯವಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ಎತ್ತಿದಾಗ ನಾವೆಲ್ಲ ದೇವರ ಮುಖ ನೋಡಿದರೆ ಅವರು ಕರ್ಪೂರದ ಉರಿ ಯಾವ ಕಡೆ ವಾಲಿತು ಎಂದು ನೋಡುತ್ತಾರೆ. ಕಾರು ಹತ್ತಿದರೆ ಎಲ್ಲರ ಸೀಟ್‌ಬೆಲ್ಟನ್ನೂ ಒಂದೊಂದು ಸಲ ಜಗ್ಗುತ್ತಾರೆ. ತೊಡೆಯ ಪಟ್ಟಿ ಕಟ್ಟಿಕೊಳ್ಳುವುದು ಮರೆತು ಗುಡ್ಡದಿಂದ ಓಡಿದವರ ಕಥೆ ಹೇಳುತ್ತಾರೆ. ಮಕ್ಕಳು ಮಳೆ ಬರುವಾಗ ಅಂಗಳದಿಂದ ಒಳಗೆ ಬರದಿದ್ದರೆ ಪ್ಯಾರಾಗ್ಲೈಡರ್ ಇವಾ ವಿಸ್ನಿಯೆರ್ಸ್ಕಾಳನ್ನು ಕರೆತರುತ್ತಾರೆ. 2007ರಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ಆಕೆಯನ್ನು ಗುಡುಗಿನ ಮೋಡ 9,946 ಮೀಟರ್‌ವರೆಗೆ ಎಳೆದುಕೊಂಡು ಹೋಯಿತು. ಮೈಮೇಲೆ ಮಂಜುಗಡ್ಡೆ ಕಟ್ಟಿ, ಎಚ್ಚರ ತಪ್ಪಿ, ಆಮೇಲೆ ಎಚ್ಚರವಾಗಿ ಇಳಿದಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಕೊನೆಗೆ ಭಾವ, “ಎಷ್ಟು ಮೇಲೆ ಹೋದಳು ಅನ್ನೋದು ಬಿಡಿ, ಎಷ್ಟು ಚೆನ್ನಾಗಿ ಇಳಿದಳು ನೋಡಿ” ಅನ್ನುತ್ತಾರೆ. ಮಕ್ಕಳು ಮತ್ತೆ ಮಳೆಗೆ ಓಡುತ್ತಾರೆ.

ಇವೆಲ್ಲ ಸಣ್ಣಪುಟ್ಟ ಉಪದ್ರವ. ನಾನು ನಿಜವಾಗಿ ಅನುಭವಿಸಿದ್ದು ಮೈಸೂರಿನ ಒಂದು ಮದುವೆಯಲ್ಲಿ.

ಪಂಕ್ತಿಯಲ್ಲಿ ಭಾವನ ಬಲಕ್ಕೆ ನಾನು, ಎಡಕ್ಕೆ ಗಂಡಿನ ಕಡೆಯ ಒಬ್ಬ ಕಾಲೇಜು ಹುಡುಗ. ಪಾಪದವನು. ಸುಮ್ಮನಿರಲಾರದೆ “ಅಂಕಲ್, ಅದರಲ್ಲಿ ಇಳಿಯೋದು ಹೇಗೆ?” ಎಂದು ಕೇಳಿಬಿಟ್ಟ. ಭಾವ ಅವನ ಮುಖವನ್ನು ಎಷ್ಟು ಪ್ರೀತಿಯಿಂದ ನೋಡಿದರೆಂದರೆ ನನಗೆ ಆಗಲೇ ಎದೆ ಧಸಕ್ಕೆಂದಿತು.

ಎಲೆಯ ಮೇಲೆ ಉಪ್ಪು, ಕೋಸಂಬರಿ, ಪಲ್ಯ, ಹೋಳಿಗೆ, ಹಪ್ಪಳ ಎಲ್ಲ ಬಂದಿತ್ತು. ಭಾವ ಹಪ್ಪಳ ಎತ್ತಿಕೊಂಡರು. “ಇದು ರೆಕ್ಕೆ ಅಂದ್ಕೋ.” ಎಲೆ ಮೈದಾನ. ತುದಿಯ ಉಪ್ಪು ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್. ಕೋಸಂಬರಿ ಮಾವಿನ ತೋಪು. ಹುರುಳಿಕಾಯಿ ಪಲ್ಯದಿಂದ ಒಂದೊಂದೇ ಚೂರು ಆರಿಸಿ ಎಲೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಅದು ಕರೆಂಟಿನ ತಂತಿ. ಗಾಳಿ? ಗಾಳಿ ಎದುರು ಗೋಡೆಯ ಫ್ಯಾನಿನದು, ಅದು ನಿಜವಾದದ್ದೇ.

“ಮೊದಲು ಗಾಳೀನ ಬೆನ್ನಿಗೆ ಹಾಕ್ಕೊಂಡು ಮೈದಾನದ ಪಕ್ಕದಲ್ಲೇ ಹೋಗ್ಬೇಕು. ಇಲ್ಲಿ ಅಡ್ಡ ತಿರುಗ್ಬೇಕು. ಆಮೇಲೆ ಗಾಳಿಗೆ ಮುಖ ಕೊಟ್ಟು ಬರಬೇಕು.” ಹಪ್ಪಳ ಹಾರಿತು, ತಿರುಗಿತು, ಬಂತು. ಅಷ್ಟರಲ್ಲಿ ಅನ್ನದವನು ಬಂದು ಮೈದಾನದ ಮಧ್ಯೆ ಒಂದು ಗುಡ್ಡ ಬಡಿಸಿ ಹೋದ. ಭಾವ ವಿಚಲಿತರಾಗಲಿಲ್ಲ. “ಒಳ್ಳೇದಾಯ್ತು. ಗುಡ್ಡ, ಮರ, ಕಟ್ಟಡ ಏನೇ ಇರಲಿ, ಗಾಳಿ ಅದನ್ನ ದಾಟಿ ಇಳಿಯೋ ಮಗ್ಗುಲಲ್ಲಿ ಸುಳಿ ಇರತ್ತೆ. ಕಣ್ಣಿಗೆ ಕಾಣಲ್ಲ. ಅದರೊಳಗೆ ಹೋದ್ಯೋ...” ಎಂದು ಹಪ್ಪಳವನ್ನು ಅನ್ನದ ಹಿಂದೆ ನುಗ್ಗಿಸಿದರು. ಕಟಕ್ ಎಂದು ಅಂಚು ಮುರಿಯಿತು. “ರೆಕ್ಕೆ ಮಡಚ್ಕೊಳ್ತು” ಎಂದರು, ಮುರಿದ ಚೂರನ್ನು ಬಾಯಿಗೆ ಹಾಕಿಕೊಂಡು.

ಹುಡುಗ ಹೋಳಿಗೆಗೆ ಕೈ ಹಾಕಿದ. “ತಾಳು, ಇನ್ನೂ ಇಳಿದಿಲ್ಲ” ಎಂದರು. ಮರ ನೋಡಬಾರದಂತೆ, ಮರವನ್ನೇ ನೋಡುತ್ತ ಬಂದವನು ಮರಕ್ಕೇ ಹೋಗಿ ಸೇರುತ್ತಾನಂತೆ, ಇಳಿಯಬೇಕಾದ ಜಾಗವನ್ನಷ್ಟೇ ನೋಡಬೇಕಂತೆ. ಹುಡುಗ ಪಾಪ, ಇಳಿಯಬೇಕಾದ ಜಾಗವನ್ನೇ, ಅಂದರೆ ಹೋಳಿಗೆಯನ್ನೇ, ನೋಡುತ್ತಿದ್ದ. ಸೀಟಿನಿಂದ ಮೊದಲೇ ಎದ್ದು ಕಾಲು ಇಳಿಬಿಡಬೇಕು. ನೆಲ ಹತ್ತಿರ ಬಂದಂತೆ ಗಾಳಿಯ ಜೋರು ಕಡಿಮೆಯಾಗುವುದರಿಂದ ಬ್ರೇಕ್ ಬಿಟ್ಟು ವೇಗ ಉಳಿಸಿಕೊಳ್ಳಬೇಕು. ಇನ್ನೊಂದು ಮೀಟರ್ ಇದೆ ಅನ್ನುವಾಗ ಎರಡೂ ಬ್ರೇಕನ್ನು ಪೂರ್ತಿ ಎಳೆಯಬೇಕು. ಬೇಗ ಎಳೆದರೆ ಎತ್ತರದಿಂದ ಧೊಪ್. ತಡ ಮಾಡಿದರೆ ಮೂಗು ಮಣ್ಣಿಗೆ.

ಹಪ್ಪಳ ಆ ಒಂದು ಮೀಟರಿನಲ್ಲಿತ್ತು. ಸಾರಿನವನು ಬಂದು ಒಂದು ಸೌಟು ಸುರಿದ.

“ನೋಡಿದ್ಯಾ! ಇಳಿಯೋ ಹೊತ್ತಿಗೇ ಎಮ್ಮೆ ನುಗ್ಗತ್ತೆ, ಹುಡುಗರು ಕ್ರಿಕೆಟ್ ಆಡ್ತಿರ್ತಾರೆ. ಅದಕ್ಕೇ ಮೇಲಿರೋವಾಗ್ಲೇ ಇನ್ನೊಂದು ಜಾಗ ನೋಡಿಟ್ಟಿರಬೇಕು” ಎಂದವರೇ ಹಪ್ಪಳವನ್ನು ಬಲಕ್ಕೆ ತಿರುಗಿಸಿ ನನ್ನ ಎಲೆಗೆ ಇಳಿಸಿದರು. ಹೋಳಿಗೆಯ ನಟ್ಟನಡುವೆ. ಎದುರು ಸಾಲಿನ ಅಜ್ಜಿಯೊಬ್ಬರು “ಅಯ್ಯೋ, ಎಂಜಲು ಕಣಪ್ಪಾ!” ಎಂದು ಕಣ್ಣು ಮುಚ್ಚಿಕೊಂಡರು. ಭಾವನಿಗೆ ಕೇಳಿಸಲಿಲ್ಲ. ಅವರ ಮುಖದಲ್ಲಿ ಸುರಕ್ಷಿತವಾಗಿ ನೆಲ ಮುಟ್ಟಿದವನ ಸಮಾಧಾನವಿತ್ತು.

ತಾಂಬೂಲದ ಹೊತ್ತಿಗೆ ಭಾವನೊಳಗಿನ ಬ್ಯಾಂಕಿನವರು ಹೊರಗೆ ಬಂದರು. “ರೆಕ್ಕೆ ಗಂಟೆಗೆ 35 ಕಿಲೋಮೀಟರ್ ಹೋಗತ್ತೆ ಅಂತಿಟ್ಕೋ. ಎದುರುಗಾಳಿ 15 ಇದ್ರೆ ನೀನು ನೆಲ ಮುಟ್ಟೋದು 20ರಲ್ಲಿ. ಅದೇ ಗಾಳಿ ಹಿಂದಿನಿಂದ ಬಂದ್ರೆ 50ರಲ್ಲಿ. 50ರಲ್ಲಿ ನಿನ್ನ ಕೈಲಿ ಓಡಕ್ಕಾಗತ್ತಾ?” ಹುಡುಗ ಓಡಿದ, ಎಷ್ಟರಲ್ಲಿ ಎಂದು ಅಳೆಯಲು ಆಗಲಿಲ್ಲ.

ಇಳಿಯುವುದರ ಮೇಲಿನ ಈ ಮೋಹಕ್ಕೆ ಭಾವ ಇತಿಹಾಸದ ಆಧಾರವನ್ನೂ ಇಟ್ಟುಕೊಂಡಿದ್ದಾರೆ. 1978ರಲ್ಲಿ ಫ್ರಾನ್ಸಿನ ಮ್ಯೂಸಿ ಎಂಬ ಊರಿನಲ್ಲಿ ಜಾನ್-ಕ್ಲೋಡ್ ಬೆತಾಂಪ್ ಮತ್ತು ಗೆಳೆಯರು ಗುಡ್ಡದ ಮೇಲಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ಓಡಿದರು. ಗುರುತಿಟ್ಟ ಜಾಗಕ್ಕೆ ಕರಾರುವಾಕ್ಕಾಗಿ ಇಳಿಯುವುದನ್ನು ಅಭ್ಯಾಸ ಮಾಡಲು ಪ್ರತಿಸಲ ವಿಮಾನದ ಖರ್ಚು ಯಾಕೆ ಎಂಬುದು ಅವರ ಲೆಕ್ಕ. “ಗೊತ್ತಾಯ್ತಾ? ಈ ಆಟ ಹುಟ್ಟಿದ್ದೇ ಇಳಿಯೋದು ಕಲಿಯೋಕೆ. ಹಾರಾಟ ಮಧ್ಯದಲ್ಲಿ ಬಂದಿದ್ದು” ಅನ್ನುತ್ತಾರೆ ಭಾವ. ದುಡ್ಡು ಉಳಿಸಿದ್ದಕ್ಕೆ ಅವರಿಗೆ ಆ ಫ್ರೆಂಚರ ಮೇಲೆ ಪ್ರತ್ಯೇಕ ಗೌರವ.

ಅವರು ಕಲಿತದ್ದು ಪುಣೆಯ ಹತ್ತಿರದ ಕಾಮ್‌ಶೇತ್‌ನಲ್ಲಿ. ಒಮ್ಮೆ ನನ್ನನ್ನೂ ಕರೆದೊಯ್ದರು, ನೋಡಲಿಕ್ಕೆಂದು. ರೆಕ್ಕೆ, ಹಾರ್ನೆಸ್, ರಿಸರ್ವ್ ಪ್ಯಾರಾಚೂಟ್ ಎಲ್ಲ ತುಂಬಿದ ಚೀಲ ನನ್ನ ಬೆನ್ನೇರಿದ ಮೇಲೆ ಕರೆದೊಯ್ದ ಕಾರಣ ತಿಳಿಯಿತು. ಗುಡ್ಡ ಹತ್ತಿ, ದಾರಗಳನ್ನು ಒಂದೊಂದಾಗಿ ಬಿಡಿಸಿ, ಪಟ್ಟಿಗಳನ್ನು ಜಗ್ಗಿ, ಹುಲ್ಲು ಕಿತ್ತು ತೂರಿ ನೋಡಿ, ಕೊನೆಗೆ “ಇವತ್ತು ಬೇಡ” ಎಂದರು. ಗಾಳಿ ಗುಡ್ಡಕ್ಕೆ ನೇರ ಬರುತ್ತಿಲ್ಲವಂತೆ, ಒಂದು ಸಲ ಸತ್ತು ಒಂದು ಸಲ ನುಗ್ಗುತ್ತದಂತೆ. ನೆತ್ತಿ ಸುಡುವ ಬಿಸಿಲಲ್ಲಿ ಕೂತೆವು. ಸಂಜೆಗೆ ಗಾಳಿ ಹದವಾಯಿತು. ಹುಡುಗ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಹಾರಿದರು. “ಈಗ?” ಎಂದೆ. “ಈಗ ನಾನು ಹದವಾಗಿಲ್ಲ. ದಣಿದಿದ್ದೀನಿ” ಎಂದರು. ಚೀಲ ಮತ್ತೆ ನನ್ನ ಬೆನ್ನಿಗೆ. ಆ ಇಳಿಜಾರಿನಲ್ಲಿ ನಾನು ಮನಸ್ಸಿನಲ್ಲಿ ಆಡಿದ ಮಾತುಗಳನ್ನು ಅಕ್ಕನ ಮುಖ ನೋಡಿ ಇಲ್ಲಿ ಬರೆಯುವುದಿಲ್ಲ.

ಕೆಳಗೆ ಬಂದರೆ ಚಹಾ ಅಂಗಡಿಗೂ ಹೋಗಲಿಲ್ಲ. ಮೈದಾನದ ಅಂಚಿನಲ್ಲಿ ಕತ್ತೆತ್ತಿ ನಿಂತು ಎಣಿಸತೊಡಗಿದರು. ಎಷ್ಟು ರೆಕ್ಕೆ ಹೋಗಿದ್ದವೆಂದು ಮೇಲೇ ಲೆಕ್ಕ ಹಾಕಿಕೊಂಡಿದ್ದರಂತೆ. ನೀಲಿ ಬಂತು, ಕೆಂಪು ಬಂತು. ಬೆಳಕು ಇಳಿಯುತ್ತಿತ್ತು, ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. “ಇನ್ನೊಂದಿದೆ” ಎಂದರು. ಕೊನೆಗೆ ಒಂದು ಹಳದಿ ರೆಕ್ಕೆ ಬಂತು. ಹುಡುಗಿ ತುಸು ಬೇಗ ಬ್ರೇಕ್ ಎಳೆದು, ಮುಗ್ಗರಿಸಿ, ಧೂಳಿನಲ್ಲಿ ಕೂತು, ನಗುತ್ತ ಎದ್ದಳು. “ಬೇಗ ಎಳೆದಳು. ಪರವಾಗಿಲ್ಲ” ಎಂದು ಭಾವ ಉಸಿರು ಬಿಟ್ಟರು. ಆಕೆಯ ಹೆಸರೂ ಅವರಿಗೆ ಗೊತ್ತಿರಲಿಲ್ಲ. ನಮ್ಮಮ್ಮ ಮನೆಯ ಕೊನೆಯವನು ಬರುವ ತನಕ ತಟ್ಟೆ ಮುಂದೆ ಕೂರುತ್ತಿರಲಿಲ್ಲ. ಅವಳು ಹೋದ ಮೇಲೆ ನಾವು ಯಾರು ಯಾವಾಗ ಬಂದೆವೆಂದು ಎಣಿಸುವವರು ಮನೆಯಲ್ಲಿ ಇಲ್ಲ. ಇಲ್ಲಿ ಗುರುತು ಪರಿಚಯವಿಲ್ಲದವರನ್ನು ಎಣಿಸುತ್ತ ಒಬ್ಬರು ನಿಂತಿದ್ದರು... ಹೀಗೇ ಬರೆಯುತ್ತ ಹೋದರೆ ಹೊಗಳಿಕೆಯಾಗುತ್ತದೆ. ಆದ್ದರಿಂದ ದಾಖಲೆಗೆ ಹೇಳುತ್ತೇನೆ: ನಾವು ಹೋಗುವಷ್ಟರಲ್ಲಿ ವಡಾಪಾವ್ ಮುಗಿದಿತ್ತು.

ಈಗ ಅಕ್ಟೋಬರಿಗೆ ಹಿಮಾಚಲದ ಬೀರ್‌ಗೆ ಹೊರಟಿದ್ದೇವೆ. ಬಿಲ್ಲಿಂಗ್ ಎಂಬಲ್ಲಿ ಸುಮಾರು 2,400 ಮೀಟರ್ ಎತ್ತರದಿಂದ ಹಾರುವುದು, ಸುಮಾರು ಸಾವಿರ ಮೀಟರ್ ಕೆಳಗಿನ ಬೀರ್‌ನಲ್ಲಿ ಇಳಿಯುವುದು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ನನ್ನದು ಪೈಲಟ್ ಜೊತೆ ಜೋಡಿ ಹಾರಾಟ, ನಾನು ಮಾಡಬೇಕಾದದ್ದು ಹೇಳಿದಾಗ ಓಡುವುದು, ಹೇಳಿದಾಗ ಕಾಲು ಇಳಿಬಿಡುವುದು, ಅಷ್ಟೇ. ಆದರೂ ಭಾವ ಬಿಡಲಿಲ್ಲ. ಅಂಗಳದಲ್ಲಿ ಸ್ಟೂಲು ಹಾಕಿ, ಪಾದ ಮಂಡಿ ಜೋಡಿಸಿಕೊಂಡು ಧುಮುಕಿ, ಬಿದ್ದರೆ ಪಕ್ಕಕ್ಕೆ ಉರುಳುವ ತಾಲೀಮು ಕೊಡಿಸುತ್ತಿದ್ದಾರೆ. ಅಕ್ಕ ಕಿಟಕಿಯಿಂದ ನೋಡಿ ಪರದೆ ಎಳೆದುಕೊಳ್ಳುತ್ತಾಳೆ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಕಾಂಪೌಂಡಿನ ಮೇಲಿಂದ ದಿನವೂ ನೋಡಿ ನೋಡಿ, ಮೊನ್ನೆ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದು, “ನಾನೂ ಒಂದು ಸಲ ನೋಡಲಾ?” ಎಂದರು. ಭಾವನಿಗೆ ಆನಂದವಾಯಿತು. ಹೆಲ್ಮೆಟ್ ತೊಡಿಸಿದರು, ಗಲ್ಲದ ಪಟ್ಟಿ ಜಗ್ಗಿ ನೋಡಿದರು, ಚಪ್ಪಲಿ ಬಿಡಿಸಿ ನನ್ನ ಶೂ ಹಾಕಿಸಿದರು. ಆಮೇಲೆ ಗೇಟಿನ ಹತ್ತಿರ ಹೋಗಿ ತೆಂಗಿನ ಗರಿ ನೋಡಿದರು, ಒಂದು ಹಿಡಿ ಧೂಳು ತೂರಿದರು, ವಾಪಸು ಬಂದರು.

“ಮೇಷ್ಟ್ರೇ, ಇವತ್ತು ಬೇಡ. ನಾಳೆ ಬನ್ನಿ.”

ಸ್ಟೂಲಿನ ಎತ್ತರ ಒಂದೂವರೆ ಅಡಿ. ಮೇಷ್ಟರು ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಬಂದು ಗೇಟು ಬಡಿದರು, ನನ್ನ ಶೂ ಹಾಕಿಕೊಂಡೇ.